ಹೆಂಡತಿಗೆ ಎಂ.ಡಿ. ಸೀಟು ಸಿಕ್ಕಿದೆ: ಅಮೆರಿಕದ ವಲಸೆ ವೀಸಾ ಅರ್ಜಿಯನ್ನು ಮುಂದಕ್ಕೆ ಹಾಕಬಹುದೇ?

ದಡದಾಚೆ
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಪೌರ, ಹೆಂಡತಿ ಕರ್ನಾಟಕದಲ್ಲಿದ್ದಾಳೆ. ಮದುವೆಯಾಗಿ ಒಂದೂವರೆ ವರ್ಷ. ಮದುವೆಯ ಬೆನ್ನಿಗೇ ಐ-130, ಅಂದರೆ ಹೆಂಡತಿಯನ್ನು ಕರೆಸಿಕೊಳ್ಳಲು ನಾನು ಕೊಡಬೇಕಾದ ಮೊದಲ ಅರ್ಜಿ, ಹಾಕಿದ್ದೆ. ಅದು ಮಂಜೂರಾಗಿ ಕಡತ ಈಗ ಎನ್‌ವಿಸಿಯಲ್ಲಿ, ಅಂದರೆ ನ್ಯಾಷನಲ್ ವೀಸಾ ಸೆಂಟರ್‌ನಲ್ಲಿದೆ. ವೀಸಾ ಶುಲ್ಕ 325 ಡಾಲರ್, ಐ-864ರ (ಅವಳ ಖರ್ಚಿಗೆ ನಾನು ಹೊಣೆ ಎಂಬ ಮುಚ್ಚಳಿಕೆ) ಪರಿಶೀಲನಾ ಶುಲ್ಕ 120 ಡಾಲರ್ ಎರಡನ್ನೂ ಕಟ್ಟಿದ್ದೇವೆ. ವಲಸೆ ವೀಸಾದ ಆನ್‌ಲೈನ್ ಅರ್ಜಿ ಡಿಎಸ್-260 ಕೂಡ ಸಲ್ಲಿಸಿಯಾಗಿದೆ. ಉಳಿದಿರುವುದು ಅವಳ ಪೊಲೀಸ್ ಪ್ರಮಾಣಪತ್ರ ಮತ್ತು ನನ್ನ ಐ-864, ಅಷ್ಟೇ.

ಅಷ್ಟರಲ್ಲಿ ಅವಳಿಗೆ ನೀಟ್ ಪಿಜಿ ಕೌನ್ಸೆಲಿಂಗ್‌ನಲ್ಲಿ ಬಯಸಿದ ವಿಭಾಗದಲ್ಲೇ ಎಂ.ಡಿ. ಸೀಟು ಸಿಕ್ಕಿತು. ಮೂರು ವರ್ಷದ ಕೋರ್ಸು. ಸಿಗುವುದಿಲ್ಲ ಎಂದುಕೊಂಡೇ ನಾವು ವೀಸಾ ಕೆಲಸ ಶುರುಮಾಡಿದ್ದು. ಈಗ ಏನು ಮಾಡಬೇಕು? ಕಡತವನ್ನು ಹಾಗೆಯೇ ಮಲಗಿಸಿಡಬಹುದೇ? ಹಿಂತೆಗೆದುಕೊಂಡು ಮುಂದೆ ಹೊಸದಾಗಿ ಹಾಕಬೇಕೇ? ಅಥವಾ ವೀಸಾ ಪಡೆದು, ಒಮ್ಮೆ ಬಂದು ಹಸಿರು ಕಾರ್ಡ್ ಮಾಡಿಸಿಕೊಂಡು ಮರಳಿ ಹೋಗಿ ಓದಬಹುದೇ? ಮೂರಕ್ಕೂ ಮೂರು ಜನ ಮೂರು ಉತ್ತರ ಕೊಟ್ಟಿದ್ದಾರೆ.

ಬೆಳಗುಜಾವ
ಸೀಟು ಬಿಡಬೇಡಿ. ಉಳಿದದ್ದು ಆಮೇಲೆ.

ಕಾಗದಪತ್ರ
ನೀವು ನಿಂತಿರುವ ಜಾಗ ಬಹಳ ಒಳ್ಳೆಯದು, ಅದು ನಿಮಗೆ ಗೊತ್ತಿದ್ದಂತಿಲ್ಲ.

ಪೌರರ ಗಂಡ ಅಥವಾ ಹೆಂಡತಿಯ ವರ್ಗಕ್ಕೆ ವಾರ್ಷಿಕ ಮಿತಿ ಇಲ್ಲ. ಆದ್ದರಿಂದ ನಿಮ್ಮ ಸರದಿ ತಪ್ಪಿಹೋಗುವ ಪ್ರಶ್ನೆಯೇ ಇಲ್ಲ. ಮಂಜೂರಾದ ಐ-130 ತಾನಾಗಿ ಹಳಸುವುದಿಲ್ಲ, ಮದುವೆ ಉಳಿದಿರುವವರೆಗೆ ಅದೂ ಉಳಿದಿರುತ್ತದೆ. ಆದರೆ ಎನ್‌ವಿಸಿಯಲ್ಲಿ ಒಂದು ಗಡಿಯಾರ ಓಡುತ್ತಿರುತ್ತದೆ: ಒಂದು ವರ್ಷ ನಿಮ್ಮ ಕಡೆಯಿಂದ ಸದ್ದೇ ಇಲ್ಲದಿದ್ದರೆ ವಲಸೆ ಕಾಯ್ದೆಯ 203(ಜಿ) ಪ್ರಕಾರ ನೋಂದಣಿಯನ್ನು ರದ್ದುಮಾಡುವ ಪ್ರಕ್ರಿಯೆ ಆರಂಭವಾಗುತ್ತದೆ, ಕಟ್ಟಿದ ಶುಲ್ಕವೂ ಕೈಬಿಟ್ಟು ಹೋಗುತ್ತದೆ. ಅದನ್ನು ತಡೆಯಲು ಮಾಡಬೇಕಾದದ್ದು ಇಷ್ಟೇ: ವರ್ಷ ತುಂಬುವ ಮೊದಲು ಸಿಇಎಸಿ ಎಂಬ ಆನ್‌ಲೈನ್ ವೀಸಾ ತಾಣದ ಖಾತೆಗೆ ಲಾಗಿನ್ ಆಗಿ, ಇಲ್ಲವೇ ಎನ್‌ವಿಸಿಯ ವಿಚಾರಣಾ ನಮೂನೆಯಲ್ಲಿ ಒಂದು ಸಂದೇಶ ಕಳುಹಿಸಿ. ನಾನಾಗಿದ್ದರೆ ಎರಡನ್ನೂ ಮಾಡುತ್ತಿದ್ದೆ, ವರ್ಷದ ತುದಿಯವರೆಗೆ ಕಾಯದೆ ಆರು ತಿಂಗಳಿಗೊಮ್ಮೆ ಮಾಡುತ್ತಿದ್ದೆ. ಬಂದ ಉತ್ತರವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಇನ್ನು ಮುಖ್ಯ ವಿಷಯ. ಸಿಇಎಸಿ ಪುಟದಲ್ಲಿ ಪೊಲೀಸ್ ಪ್ರಮಾಣಪತ್ರದ ಸಾಲಿನ ಎದುರು ಈಗ ಏನೂ ಸೇರಿಸಿಲ್ಲ ಎಂದು ತೋರಿಸುತ್ತಿರಬೇಕಲ್ಲವೇ? ಅದನ್ನು ಹಾಗೆಯೇ ಬಿಡಿ. ಆ ಒಂದು ದಾಖಲೆ ಇಲ್ಲದೆ ಕಡತ ಪೂರ್ಣವಾಗುವುದಿಲ್ಲ, ಪೂರ್ಣವಾಗದ ಕಡತಕ್ಕೆ ಮುಂಬೈ ಕಾನ್ಸುಲೇಟ್‌ನಲ್ಲಿ ಸಂದರ್ಶನದ ದಿನ ಸಿಗುವುದಿಲ್ಲ. ಎಲ್ಲ ದಾಖಲೆ ಸ್ವೀಕೃತವಾಯಿತೆಂದರೆ ಗಾಡಿ ನಿಮ್ಮ ಕೈತಪ್ಪಿ ಓಡುತ್ತದೆ.

ಐ-864ನ್ನೂ ಈಗ ಹಾಕಬೇಡಿ. ಅದಕ್ಕೆ ಇತ್ತೀಚಿನ ವರ್ಷದ ತೆರಿಗೆ ದಾಖಲೆ ಬೇಕು. ಮೂರು ವರ್ಷದ ನಂತರ ಹೇಗೂ ಹೊಸದನ್ನೇ ಕೇಳುತ್ತಾರೆ.

ಗುಡ್ಡದಮನೆ
ಮಂಜೂರಾದ ಅರ್ಜಿ ಎರಡೇ ವರ್ಷ ಊರ್ಜಿತ. ನನ್ನ ಗೆಳೆಯನಿಗೆ ಹಾಗೆಯೇ ಆಯಿತು. ನಿಧಾನ ಮಾಡಿದರೆ ಕೈಗೆ ಏನೂ ಸಿಗುವುದಿಲ್ಲ.

ಕಾಗದಪತ್ರ
@ಗುಡ್ಡದಮನೆ, ಐ-130ಕ್ಕೆ ಅಂಥ ಗಡುವು ಇಲ್ಲ. ಎರಡು ವರ್ಷ ಎಂಬುದು ಬೇರೆ ಸಂದರ್ಭದ್ದು: ನೋಂದಣಿ ರದ್ದಾದ ಮೇಲೆ, ವಿಳಂಬ ತಮ್ಮ ಕೈಮೀರಿದ ಕಾರಣದಿಂದ ಆಯಿತೆಂದು ತೋರಿಸಿ ಮರುಜೀವ ಕೇಳಲು ಎರಡು ವರ್ಷದ ಅವಕಾಶವಿದೆ. ನಿಮ್ಮ ಗೆಳೆಯರು ಮದುವೆಗೆ ಮೊದಲೇ ಕೆ-1 ಹಾಕಿದ್ದರೇ? ನಿಶ್ಚಿತಾರ್ಥದ ಆ ಅರ್ಜಿಯ ಮಂಜೂರಾತಿಗೆ ಮಾತ್ರ ನಾಲ್ಕು ತಿಂಗಳ ಆಯುಷ್ಯ, ಬೇಕಾದರೆ ಕಾನ್ಸುಲೇಟ್ ವಿಸ್ತರಿಸುತ್ತದೆ.

ಗುಡ್ಡದಮನೆ
ಕೆ-1 ಇದ್ದಿರಬಹುದು. ಆದರೂ ಸರ್ಕಾರಿ ಕಡತವನ್ನು ಮೂರು ವರ್ಷ ನಂಬಿ ಕೂರುವುದು ಜಾಣತನವಲ್ಲ ಎಂಬ ನನ್ನ ಮಾತಿಗೆ ನಾನು ಬದ್ಧ.

ಸೇತುಬಂಧ
ಮೂರನೆಯ ದಾರಿಯನ್ನು ಯಾಕೆ ಎಲ್ಲರೂ ಬಿಟ್ಟುಬಿಡುತ್ತಿದ್ದೀರಿ? ವೀಸಾ ತೆಗೆದುಕೊಳ್ಳಿ, ಬಂದು ಇಳಿಯಿರಿ, ಐ-131 ಹಾಕಿ ಮರುಪ್ರವೇಶ ಪರವಾನಗಿ ಪಡೆಯಿರಿ, ಹೋಗಿ ಓದಿ. ಕಾರ್ಡ್ ಜೇಬಿನಲ್ಲಿದ್ದರೆ ನೆಮ್ಮದಿ. ನಾಳೆ ಯಾವ ಅಧ್ಯಕ್ಷರು ಯಾವ ಆದೇಶ ಹೊರಡಿಸುತ್ತಾರೋ ಯಾರಿಗೆ ಗೊತ್ತು? 2020ರ ಮಾರ್ಚಿನಲ್ಲಿ ಲೋಕದ ಎಲ್ಲ ಅಮೆರಿಕನ್ ಕಾನ್ಸುಲೇಟ್‌ಗಳೂ ಮಾಮೂಲಿ ವೀಸಾ ಕೆಲಸ ನಿಲ್ಲಿಸಿದಾಗ, "ಮುಂದಿನ ತಿಂಗಳು ನೋಡೋಣ" ಎಂದು ಕೂತವರೆಲ್ಲ ತಿಂಗಳುಗಟ್ಟಲೆ ಕೂತೇ ಇದ್ದರು.

ಅಳತೆಗೋಲು
@ಸೇತುಬಂಧ, ಲೆಕ್ಕ ಹಾಕಿ ನೋಡಿ. ಪರವಾನಗಿ ಹೆಚ್ಚೆಂದರೆ ಎರಡು ವರ್ಷಕ್ಕೆ, ಎಂ.ಡಿ. ಮೂರು ವರ್ಷ. ಅರ್ಜಿ ಹಾಕುವಾಗ ಅವರು ಅಮೆರಿಕದ ನೆಲದಲ್ಲೇ ಇರಬೇಕು, ಬೆರಳಚ್ಚಿಗೆ ಕರೆದರೆ ಅಲ್ಲಿಯೇ ಹೋಗಬೇಕು. ಪಿಜಿ ಮೊದಲ ವರ್ಷದವರಿಗೆ ವಾರದ ರಜೆ ಸಿಗುವುದೇ ದೊಡ್ಡ ಮಾತು. ಅವರ ವಿಭಾಗದ ಮುಖ್ಯಸ್ಥರ ಮುಂದೆ ನಿಂತು "ಬೆರಳಚ್ಚು ಕೊಡಲು ಅಮೆರಿಕಕ್ಕೆ ಹೋಗಿ ಬರುತ್ತೇನೆ" ಎಂದು ಕೇಳುವವರು ಯಾರು? ಎರಡನೆಯ ಪರವಾನಗಿಗೆ ಮತ್ತೆ ಅದೇ ಯಾತ್ರೆ.

ಪರವಾನಗಿ ಇಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಬರೀ ಕಾರ್ಡ್ ತೋರಿಸಿ ಒಳಗೆ ಬರಲಾಗದು. ಪರವಾನಗಿ ಇದ್ದರೂ ಪೌರತ್ವಕ್ಕೆ ಬೇಕಾದ ನಿರಂತರ ವಾಸದ ಎಣಿಕೆಗೆ ಅದು ರಕ್ಷಣೆ ಕೊಡುವುದಿಲ್ಲ. ಪೌರರ ಜೊತೆ ಮೂರು ವರ್ಷ ಬಾಳಿದರೆ ಪೌರತ್ವ ಎಂಬ ರಿಯಾಯಿತಿಯೂ ಒಟ್ಟಿಗೆ ಬದುಕಿದ ಕಾಲಕ್ಕೇ ಅನ್ವಯ. ಜೊತೆಗೆ, ಹಸಿರು ಕಾರ್ಡ್ ಬಂದ ದಿನದಿಂದ ಇಡೀ ಲೋಕದ ಆದಾಯವನ್ನು ಅಮೆರಿಕದ ತೆರಿಗೆ ಇಲಾಖೆಗೆ ಹೇಳಬೇಕು. ಇಲ್ಲಿನ ಸ್ಟೈಪೆಂಡೂ ಅದರಲ್ಲಿ ಬರುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಉಳಿಸಿಕೊಳ್ಳುವುದು ಏನನ್ನು? ಬೇಕೆಂದಾಗ ಮತ್ತೆ ಸಿಗುವ ಕಾರ್ಡನ್ನು.

ಸೇತುಬಂಧ
"ಬೇಕೆಂದಾಗ ಮತ್ತೆ ಸಿಗುತ್ತದೆ" ಎಂದು ಬರೆದುಕೊಡುತ್ತೀರಾ?

ಅಳತೆಗೋಲು
ನೀವು ಉಳಿಯುತ್ತದೆ ಎಂದು ಬರೆದುಕೊಡಿ, ನಾನೂ ಕೊಡುತ್ತೇನೆ.

ತೇಮ್ಸ್‌ತೀರ
ಅಮೆರಿಕದ ನಿಯಮ ನನಗೆ ಗೊತ್ತಿಲ್ಲ, ಬ್ರಿಟನ್ನಿನದು ಹೇಳುತ್ತೇನೆ. ಇಲ್ಲಿ ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವಾರ್ಷಿಕ ಆದಾಯ 18,600 ಪೌಂಡ್ ಇತ್ತು. 2024ರ ಏಪ್ರಿಲ್ 11ರಂದು ಒಮ್ಮೆಲೇ 29,000 ಆಯಿತು. ನಮ್ಮ ಪರಿಚಯದ ಒಬ್ಬರು ತಂಗಿಯ ಮದುವೆ ಮುಗಿಯಲಿ ಎಂದು ಅರ್ಜಿಯನ್ನು ಬೇಸಿಗೆಗೆ ಮುಂದೂಡಿದ್ದರು. ಬೇಸಿಗೆ ಬರುವ ಹೊತ್ತಿಗೆ ಅವರ ಸಂಬಳ ಸಾಲದಾಯಿತು. ಆದ್ದರಿಂದ ಸೇತುಬಂಧ ಅವರ ಭಯವನ್ನು ನಗೆಯಲ್ಲಿ ತೇಲಿಸಬೇಡಿ.

ಕಾಗದಪತ್ರ
ಸರಿಯಾದ ಮಾತು. ಆದರೆ ವ್ಯತ್ಯಾಸ ಗಮನಿಸಿ: ಅವರು ಅರ್ಜಿ ಹಾಕಿಯೇ ಇರಲಿಲ್ಲ. ಇವರದು ಹಾಕಿ, ಮಂಜೂರಾಗಿ ನಿಂತಿರುವ ಕಡತ. ಈ ಕಾರಣಕ್ಕೇ ಹಿಂತೆಗೆದುಕೊಳ್ಳುವ ಎರಡನೆಯ ದಾರಿ ಶುದ್ಧ ನಷ್ಟ. 2024ರ ಏಪ್ರಿಲ್‌ನಲ್ಲಿ ಐ-130 ಶುಲ್ಕ 535 ಡಾಲರ್‌ನಿಂದ ಕಾಗದದಲ್ಲಾದರೆ 675ಕ್ಕೆ, ಆನ್‌ಲೈನ್ ಆದರೆ 625ಕ್ಕೆ ಏರಿತು. ಹಣ ಹೋಗಲಿ, ಮತ್ತೆ ಸಾಲಿನ ಬಾಲದಲ್ಲಿ ನಿಲ್ಲಬೇಕು. ಮದುವೆಯ ಪುರಾವೆಗಳನ್ನೆಲ್ಲ ಮತ್ತೆ ಹೊಂದಿಸಬೇಕು.

ಹಳೆಬೇರು
ತಮ್ಮಾ, ನಾನು ಹಿರಿಯಳು, ನೇರವಾಗಿ ಹೇಳುತ್ತೇನೆ. ಹೊಸ ಮದುವೆ. ಆಗಲೇ ಒಂದೂವರೆ ವರ್ಷ ದೂರವಿದ್ದೀರಿ, ಇನ್ನು ಮೂರು ವರ್ಷ ಎನ್ನುತ್ತೀರಿ. ಫೋನಿನಲ್ಲಿ ಸಂಸಾರ ನಡೆಯುವುದಿಲ್ಲ. ಓದು ಅಲ್ಲಿಗೆ ಹೋಗಿಯೂ ಮಾಡಬಹುದು. ಸೊಸೆಗೆ ಬುದ್ಧಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲವೇ?

ಬೆಳಗುಜಾವ
ಬುದ್ಧಿ ಇದ್ದದ್ದಕ್ಕೇ ಸೀಟು ಸಿಕ್ಕಿದ್ದು ಅಮ್ಮಾ.

ರಾತ್ರಿಪಾಳಿ
ಆ ಹೆಂಡತಿ ನಾನೇ. ಇವರು ಕೊಂಡಿ ಕಳುಹಿಸಿದರು. ಎಲ್ಲರೂ ನನ್ನ ಬದುಕನ್ನು ಇಷ್ಟು ಕಾಳಜಿಯಿಂದ ಹಂಚಿಕೊಳ್ಳುತ್ತಿರುವಾಗ ನಾನು ಸುಮ್ಮನಿರುವುದು ಮರ್ಯಾದೆಯಲ್ಲ.

ಹಳೆಬೇರು ಅಮ್ಮನವರೇ, "ಓದು ಅಲ್ಲಿಗೆ ಹೋಗಿಯೂ ಮಾಡಬಹುದು" ಎಂದಿರಿ. ಮಾಡಬಹುದು. ಅದಕ್ಕೆ ಯುಎಸ್‌ಎಂಎಲ್‌ಇ ಎಂಬ ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಗಳು, ವಿದೇಶದಲ್ಲಿ ಓದಿದ ವೈದ್ಯರಿಗೆ ಬೇಕಾದ ಇಸಿಎಫ್‌ಎಂಜಿ ಪ್ರಮಾಣಪತ್ರ, ಆಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆ ತರಬೇತಿಯ ಸೀಟು ಹಂಚುವ, ಪ್ರತಿ ಮಾರ್ಚಿನಲ್ಲಿ ಬರುವ ಮ್ಯಾಚ್ ಫಲಿತಾಂಶ. ಅದರಲ್ಲಿ ಹೆಸರು ಬರದಿದ್ದರೆ ಮುಂದಿನ ಮಾರ್ಚಿನವರೆಗೆ ನಾನು ಇವರ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಪಾರ್ಕಿಂಗ್ ಜಾಗ ನೋಡಬೇಕು. ಇಲ್ಲಿಯ ಸೀಟು ಕೈಯಲ್ಲಿದೆ, ಅಲ್ಲಿಯದು ಆಸೆಯಲ್ಲಿದೆ. ಸೇರಿದ ಮೇಲೆ ನಡುವೆ ಬಿಟ್ಟರೆ ಬಾಂಡ್ ದಂಡವೂ ಉಂಟು, ಆದ್ದರಿಂದ ಸೇರುವ ಮೊದಲೇ ತೀರ್ಮಾನವಾಗಬೇಕು ಎಂದು ಇಷ್ಟು ಅವಸರ.

ನನ್ನ ಎರಡು ಪ್ರಶ್ನೆ. ಒಂದು, ಮೂರು ವರ್ಷದ ನಡುವೆ ಪ್ರವಾಸಿ ವೀಸಾದಲ್ಲಿ ಹೋಗಿ ಬರಬಹುದೇ? ಎರಡು, ಮಗುವಾದರೆ ಈ ಕಡತ ಏನಾಗುತ್ತದೆ? (ಸುದ್ದಿಯೇನೂ ಇಲ್ಲ, ಕೇಳಿದ್ದು ಅಷ್ಟೇ. ಅತ್ತೆಯ ಕಡೆಯವರು ಯಾರಾದರೂ ಇಲ್ಲಿದ್ದರೆ ಫೋನ್ ಮಾಡಬೇಡಿ.)

ದಡದಾಚೆ
ಪಾರ್ಕಿಂಗ್ ಜಾಗವಲ್ಲ, ನನ್ನ ಕಿಟಕಿಯಿಂದ ಮರ ಕಾಣುತ್ತದೆ.

ರಾತ್ರಿಪಾಳಿ
ಒಂದು ಮರ.

ಹಳೆಬೇರು
ಮಗಳೇ, ನೀನೇ ಬಂದು ಹೇಳಿದ ಮೇಲೆ ನನಗೆ ಹೇಳಲು ಏನಿದೆ. ಆದರೆ ರಜೆ ಸಿಕ್ಕಿದಾಗಲೆಲ್ಲ ಅವನು ಬರಲಿ. ಬರೀ ನೀನು ಹೋಗುವ ಮಾತು ಬೇಡ.

ಅಳತೆಗೋಲು
@ರಾತ್ರಿಪಾಳಿ, ಪ್ರವಾಸಿ ವೀಸಾ ನಿಷಿದ್ಧವಲ್ಲ, ಆದರೆ ಕಷ್ಟ. ಅದರ ಅರ್ಜಿಯಾದ ಡಿಎಸ್-160 ನಮೂನೆಯಲ್ಲಿ ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ ಎಂಬ ಪ್ರಶ್ನೆ ಇದೆ, "ಹೌದು" ಎಂದೇ ಬರೆಯಬೇಕು. ಅಲ್ಲಿ ಸುಳ್ಳು ಹೇಳಿದರೆ ಮುಂದಿನ ವಲಸೆ ವೀಸಾಕ್ಕೇ ಕುತ್ತು. ವಲಸೆ ಕಾಯ್ದೆಯ 214(ಬಿ) ಅಡಿಯಲ್ಲಿ ಪ್ರತಿಯೊಬ್ಬ ಅರ್ಜಿದಾರನೂ ನೆಲೆಸಲು ಬರುತ್ತಿದ್ದಾನೆಂದೇ ಅಧಿಕಾರಿ ಮೊದಲು ಭಾವಿಸುತ್ತಾರೆ, ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. ನಿಮ್ಮ ಬಳಿ ಒಂದು ಗಟ್ಟಿ ಉತ್ತರವಿದೆ: ನಡುವೆ ಬಿಡಲಾಗದ ಮೂರು ವರ್ಷದ ಕೋರ್ಸು, ಕಾಲೇಜಿನ ರಜಾ ಪತ್ರ. ತಿರಸ್ಕರಿಸಿದರೂ ವಲಸೆ ಕಡತಕ್ಕೆ ಅದರಿಂದ ಧಕ್ಕೆ ಇಲ್ಲ, ಶುಲ್ಕ ಮಾತ್ರ ವಾಪಸು ಬರುವುದಿಲ್ಲ.

ತೊಟ್ಟಿಲು
ಮಗುವಿನ ವಿಷಯ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲೇ ನಡೆದದ್ದು. ಪೌರರ ಹತ್ತಿರದ ಸಂಬಂಧಿಕರ ವರ್ಗದಲ್ಲಿ ತಾಯಿಯ ವೀಸಾದ ಜೊತೆ ಮಗುವಿಗೆ ತಾನಾಗಿ ವೀಸಾ ಬರುವುದಿಲ್ಲ. ಬಹಳ ಜನ ಬರುತ್ತದೆಂದು ತಿಳಿದಿರುತ್ತಾರೆ. ಆದರೆ ನಿಮಗೆ ಅದರ ಅಗತ್ಯವೇ ಬೀಳಲಿಕ್ಕಿಲ್ಲ. ತಂದೆ ಪೌರರಾಗಿದ್ದು, ಮಗು ಹುಟ್ಟುವ ಮೊದಲು ಒಟ್ಟು ಐದು ವರ್ಷ ಅಮೆರಿಕದಲ್ಲಿ ಇದ್ದಿದ್ದರೆ, ಅದರಲ್ಲಿ ಎರಡು ವರ್ಷವಾದರೂ ಹದಿನಾಲ್ಕು ತುಂಬಿದ ಮೇಲಿನದಾದರೆ, ಮಗು ಹುಟ್ಟುತ್ತಲೇ ಅಮೆರಿಕದ ಪೌರ. ಕಾನ್ಸುಲೇಟ್‌ನಲ್ಲಿ ವಿದೇಶದಲ್ಲಿ ಜನಿಸಿದ ಮಗುವಿನ ದಾಖಲೆ ಮಾಡಿಸಿ, ಪಾಸ್‌ಪೋರ್ಟ್ ತೆಗೆದುಕೊಂಡರೆ ಮುಗಿಯಿತು. ಐದು ವರ್ಷ ಅಲ್ಲಿದ್ದುದಕ್ಕೆ ಕಾಗದ ಬೇಕು: ಹಳೆಯ ಪಾಸ್‌ಪೋರ್ಟ್‌ಗಳ ಮೊಹರು, ಅಂಕಪಟ್ಟಿ, ಸಂಬಳದ ಡಬ್ಲ್ಯೂ-2 ಪತ್ರ. ಯಜಮಾನರು ಹಳೆಯ ಪಾಸ್‌ಪೋರ್ಟ್‌ಗಳನ್ನು ಅಟ್ಟಕ್ಕೆ ಎಸೆದಿದ್ದರೆ ಈಗಲೇ ಇಳಿಸಲಿ.

ವಲಸೆಯ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್-ರೇ ಇರುತ್ತದೆ, ಬಸುರಿಯಾಗಿರುವಾಗ ಅದನ್ನು ಹೆರಿಗೆಯ ನಂತರಕ್ಕೆ ಇಡುವವರಿದ್ದಾರೆ. ಡಾಕ್ಟರಿಗೆ ನಾನು ಹೇಳಬೇಕಾಗಿಲ್ಲ.

ಏಳುಸುತ್ತು
ಯಾವ ಕಾಲೇಜು? ಯಾವ ವಿಭಾಗ? ರ‍್ಯಾಂಕ್ ಎಷ್ಟು?

ರಾತ್ರಿಪಾಳಿ
ಹೇಳುವುದಿಲ್ಲ.

ಸ್ಟೆತ್
ದಾರಿ ತಪ್ಪಿದ ಮಾತಾದರೂ ಇದು ಮುಖ್ಯ. ಇಲ್ಲಿ ಎಂ.ಡಿ. ಮಾಡಿದರೂ ಅಮೆರಿಕದಲ್ಲಿ ಸಾಮಾನ್ಯವಾಗಿ ರೆಸಿಡೆನ್ಸಿಯನ್ನು ಮೊದಲಿನಿಂದ ಮಾಡಬೇಕು. ಕೆಲವು ರಾಜ್ಯಗಳು ಈಚೆಗೆ ಸ್ವಲ್ಪ ಸಡಿಲಿಸಿವೆ, ಆದರೆ ಅದನ್ನು ನಂಬಿ ಯೋಜನೆ ಹಾಕಬೇಡಿ. ಅಂದರೆ ಇಲ್ಲಿ ಮೂರು, ಅಲ್ಲಿ ಕನಿಷ್ಠ ಇನ್ನೊಂದು ಮೂರು ವರ್ಷ. ಇದನ್ನು ತಿಳಿದೂ ಎಂ.ಡಿ. ಬೇಕೆಂದರೆ ಖಂಡಿತ ಮಾಡಿ, ಆಮೇಲೆ ಬೇಸರಪಡಬೇಡಿ.

ಒಂದು ಅನುಕೂಲವನ್ನು ಯಾರೂ ಹೇಳಿಲ್ಲ. ನಮ್ಮಲ್ಲಿಂದ ಹೋಗುವ ಹೆಚ್ಚಿನ ವೈದ್ಯರು ಜೆ-1 ಎಂಬ ವಿನಿಮಯ ವೀಸಾದಲ್ಲಿ ರೆಸಿಡೆನ್ಸಿ ಮಾಡಿ, ಕೊನೆಗೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ಷರತ್ತಿಗೆ ಸಿಕ್ಕಿಕೊಳ್ಳುತ್ತಾರೆ, ಅಥವಾ ವಿನಾಯಿತಿಗಾಗಿ ವೈದ್ಯರ ಕೊರತೆ ಇರುವ ಊರುಗಳಲ್ಲಿ ಕೆಲಸ ಹುಡುಕುತ್ತಾರೆ. ನೀವು ಹಸಿರು ಕಾರ್ಡ್‌ನಲ್ಲಿ ಹೋದರೆ ಆ ಗೋಜೇ ಇಲ್ಲ. ಆದ್ದರಿಂದ ಆ ಕಡತವನ್ನು ಯಾವ ಕಾರಣಕ್ಕೂ ಸಾಯಲು ಬಿಡಬೇಡಿ. ಯುಎಸ್‌ಎಂಎಲ್‌ಇಯ ಸ್ಟೆಪ್ 1 ಪರೀಕ್ಷೆ 2022ರ ಜನವರಿಯಿಂದ ಪಾಸು-ಫೇಲು ಮಾತ್ರ, ಎಂ.ಡಿ. ಓದುತ್ತಲೇ ಮುಗಿಸಬಹುದು.

ರಾತ್ರಿಪಾಳಿ
ಮೊದಲಿನಿಂದ ಮಾಡಬೇಕೆಂಬುದು ಗೊತ್ತು. ಅಲ್ಲಿಗೆ ಹೋಗದೆಯೇ ಉಳಿಯುವ ಸಾಧ್ಯತೆಯೂ ನಮ್ಮಿಬ್ಬರ ಮಾತಿನಲ್ಲಿ ಇದೆ. ಅದಕ್ಕೂ ಎಂ.ಡಿ. ಬೇಕು.

ಸೇತುಬಂಧ
ಅಂದರೆ ಯಜಮಾನರೇ ಇಲ್ಲಿಗೆ ಬರುವ ಆಲೋಚನೆಯೇ? ಆಗ ಇಡೀ ಕತೆ ಬೇರೆ.

ದಡದಾಚೆ
ಕಂಪನಿಯವರು ಒಂದೆರಡು ವರ್ಷ ಬೆಂಗಳೂರಿನ ಕಚೇರಿಯಿಂದ ಕೆಲಸಮಾಡಲು ಬಿಡಬಹುದು. ಇನ್ನೂ ಮಾತುಕತೆಯಲ್ಲಿದೆ.

ಕಾಗದಪತ್ರ
ಇದನ್ನು ಮೊದಲೇ ಹೇಳಬೇಕಿತ್ತು! ಐ-864ಕ್ಕೆ ಸಹಿ ಹಾಕುವವರ ಖಾಯಂ ವಾಸ ಅಮೆರಿಕದಲ್ಲಿರಬೇಕು. ಆದಾಯ ಸಾಲದಿದ್ದರೆ ಜಂಟಿ ಪ್ರಾಯೋಜಕರನ್ನು ತರಬಹುದು. ವಾಸದ ಷರತ್ತನ್ನು ಮಾತ್ರ ಬೇರೆಯವರು ನಿಮ್ಮ ಬದಲು ತುಂಬಿಕೊಡಲಾರರು. ಬೆಂಗಳೂರಿಗೆ ಬಂದರೂ ತಾತ್ಕಾಲಿಕ ಎಂಬುದಕ್ಕೆ ಪುರಾವೆ ಇರಲಿ: ಅಲ್ಲಿನ ಬ್ಯಾಂಕ್ ಖಾತೆ, ಚಾಲನಾ ಪರವಾನಗಿ, ಮತದಾರ ನೋಂದಣಿ, ಪ್ರತಿ ವರ್ಷದ ತೆರಿಗೆ ವಿವರ. ಹೆಂಡತಿಯ ಸಂದರ್ಶನದ ಹೊತ್ತಿಗೆ ಅವರಿಗಿಂತ ಮೊದಲು ಅಥವಾ ಅವರ ಜೊತೆಗೇ ಮರಳಿ ನೆಲೆಸುತ್ತೀರೆಂದು ತೋರಿಸಿದರೂ ನಡೆಯುತ್ತದೆ. ಹೊರಗಿದ್ದೀರಿ ಎಂದು ತೆರಿಗೆ ವಿವರ ಸಲ್ಲಿಸದೆ ಬಿಡುವವರಿದ್ದಾರೆ, ಆಮೇಲೆ ಒದ್ದಾಡುತ್ತಾರೆ.

ಒಡಂಬಡಿಕೆ
ನನ್ನ ಗಂಡನ ಕೆಲಸ ಹೋಗಿದ್ದರಿಂದ ನಾವೂ ಮುಂದೂಡಿದ್ದೆವು. ಬಡತನ ರೇಖೆಯ ಶೇ. 125ರಷ್ಟು ಆದಾಯ ತೋರಿಸಬೇಕಲ್ಲ, ತೋರಿಸಲು ಏನೂ ಇರಲಿಲ್ಲ. ಭಾವನವರನ್ನು ಜಂಟಿ ಪ್ರಾಯೋಜಕರಾಗಲು ಕೇಳಿದೆವು. ಅವರು ಐ-864ನ್ನು ಕೊನೆಯ ಸಾಲಿನವರೆಗೆ ಓದಿ, ಕನ್ನಡಕ ತೆಗೆದಿಟ್ಟು, "ವಿಚ್ಛೇದನವಾದರೂ ನನ್ನ ಹೊಣೆ ಮುಗಿಯುವುದಿಲ್ಲವಂತೆ" ಎಂದರು. ನಿಜವೇ. ನಾನು ಪೌರಳಾಗುವವರೆಗೆ ಅಥವಾ ನಲವತ್ತು ತ್ರೈಮಾಸಿಕಗಳ ದುಡಿಮೆ ಲೆಕ್ಕಕ್ಕೆ ಬರುವವರೆಗೆ ಅದು ಅವರ ಕುತ್ತಿಗೆಗೆ. ಕೊನೆಗೆ ಗಂಡನಿಗೆ ಬೇರೆ ಕೆಲಸ ಸಿಗುವವರೆಗೆ ಕಾದೆವು. ಕಾದದ್ದರಿಂದ ಒಂದು ಲಾಭವಾಯಿತು: ಮದುವೆಯಾಗಿ ಎರಡು ವರ್ಷ ದಾಟಿತ್ತು, ನೇರವಾಗಿ ಹತ್ತು ವರ್ಷದ ಕಾರ್ಡ್ ಬಂತು.

ದಡದಾಚೆ
ಅದೇನು ಎರಡು ವರ್ಷದ ಲೆಕ್ಕ?

ಅಳತೆಗೋಲು
ಅಮೆರಿಕದೊಳಗೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಆರ್-1: ಎರಡು ವರ್ಷದ ಷರತ್ತಿನ ಕಾರ್ಡ್, ಅದು ಮುಗಿಯುವ ಮುಂಚಿನ ತೊಂಬತ್ತು ದಿನಗಳಲ್ಲಿ ಐ-751 ಹಾಕಿ ಮದುವೆ ನಿಜವೆಂದು ಮತ್ತೊಮ್ಮೆ ಸಾಬೀತುಮಾಡಬೇಕು. ಎರಡು ವರ್ಷ ತುಂಬಿದ್ದರೆ ಐಆರ್-1: ಹತ್ತು ವರ್ಷದ ಕಾರ್ಡ್, ಐ-751 ಇಲ್ಲ. ನಿಮಗೆ ಇನ್ನು ಆರು ತಿಂಗಳಲ್ಲಿ ಎರಡು ವರ್ಷ. ವೀಸಾದ ಮೇಲೆ ಸಿಆರ್-1 ಎಂದು ಅಚ್ಚಾಗಿದ್ದು, ಇಳಿಯುವ ಹೊತ್ತಿಗೆ ಎರಡು ವರ್ಷ ದಾಟಿದ್ದರೆ ವಿಮಾನ ನಿಲ್ದಾಣದ ಅಧಿಕಾರಿಗೆ ಹೇಳಬೇಕು, ಅವರು ಅಲ್ಲೇ ತಿದ್ದುತ್ತಾರೆ. ನಾಚಿಕೆಪಟ್ಟು ಸುಮ್ಮನಿರಬೇಡಿ.

ಮಳೆಬಿಲ್ಲು
ನೀವೆಲ್ಲ ಸಂದರ್ಶನಕ್ಕೆ ಮುಂಚಿನ ಮಾತನ್ನೇ ಆಡುತ್ತಿದ್ದೀರಿ. ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿದ ಮೇಲೆ ಬದುಕು ಅಡ್ಡ ಬಂದರೆ? ನನ್ನ ತಂಗಿಯ ಕತೆ ಅದು. ವೀಸಾ ಬಂದ ವಾರವೇ ನಮ್ಮ ತಂದೆಗೆ ಪಾರ್ಶ್ವವಾಯು. ವಲಸೆ ವೀಸಾದ ಆಯುಷ್ಯ ಹೆಚ್ಚೆಂದರೆ ಆರು ತಿಂಗಳು, ಅದೂ ವೈದ್ಯಕೀಯ ತಪಾಸಣೆಯ ದಿನಾಂಕಕ್ಕೆ ಕಟ್ಟಿದ್ದು, ವಿಸ್ತರಣೆ ಎಂಬುದಿಲ್ಲ. ಮೀರಿದರೆ ಕಾನ್ಸುಲೇಟ್‌ಗೆ ಮತ್ತೆ ಬರೆದು, ಮತ್ತೆ ಶುಲ್ಕ, ಮತ್ತೆ ತಪಾಸಣೆ. ಅವಳು ತಂದೆ ಸ್ವಲ್ಪ ಎದ್ದು ಕೂರುವಂತಾದಾಗ ಹೋಗಿ ಇಳಿದು, ಪಾಸ್‌ಪೋರ್ಟಿಗೆ ಮೊಹರು ಬಿದ್ದ ಮೇಲೆ ಮರಳಿ ಬಂದಳು. ಮೊಹರು ಬಿದ್ದ ಆ ವೀಸಾವೇ ಒಂದು ವರ್ಷ ಹಸಿರು ಕಾರ್ಡ್‌ನ ಬದಲಿಗೆ ನಡೆಯುತ್ತದೆ. ಆರು ತಿಂಗಳೊಳಗೆ ಮತ್ತೆ ಹೋದಳು. ಕೆಲವು ತಿಂಗಳ ಸಮಸ್ಯೆಗೆ ಸೇತುಬಂಧ ಅವರ ದಾರಿ ಸರಿ. ಮೂರು ವರ್ಷಕ್ಕೆ ಅಲ್ಲ.

ಸೇತುಬಂಧ
ಒಪ್ಪಿದೆ. ಅರ್ಧ.

ದಡದಾಚೆ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಇಬ್ಬರೂ ಕೂತು, ಅಂದರೆ ಅವಳು ಅಲ್ಲಿ ನಾನು ಇಲ್ಲಿ, ಮಾತನಾಡಿದೆವು. ಅವಳು ಕಾಲೇಜು ಸೇರುತ್ತಾಳೆ. ಪೊಲೀಸ್ ಪ್ರಮಾಣಪತ್ರವನ್ನೂ ಐ-864ನ್ನೂ ಹಾಕುವುದಿಲ್ಲ. ಜನವರಿ ಮತ್ತು ಜುಲೈನಲ್ಲಿ ಲಾಗಿನ್ ಆಗಿ ಒಂದು ಸಂದೇಶ ಕಳುಹಿಸುವುದೆಂದು ಇಬ್ಬರ ಫೋನಿನಲ್ಲೂ ಗುರುತು ಹಾಕಿದ್ದೇವೆ. ಬೆಂಗಳೂರಿನ ವಿಷಯ ತೀರ್ಮಾನವಾದ ಮೇಲೆ ನೋಡುತ್ತೇವೆ.

ಒಂದು ಅನುಮಾನ ಉಳಿದಿದೆ. ಅವಳ ಪಾಸ್‌ಪೋರ್ಟ್ ಮುಂದಿನ ವರ್ಷ ಮುಗಿಯುತ್ತದೆ, ವಿಳಾಸವೂ ಹಾಸ್ಟೆಲಿಗೆ ಬದಲಾಗುತ್ತದೆ. ಸಲ್ಲಿಸಿದ ಡಿಎಸ್-260ಯಲ್ಲಿ ಹಳೆಯದೇ ಇದೆಯಲ್ಲ?

ಕಾಗದಪತ್ರ
ಸಲ್ಲಿಸಿದ ಡಿಎಸ್-260ನ್ನು ನೀವಾಗಿ ತಿದ್ದಲಾಗದು. ಎನ್‌ವಿಸಿಗೆ ಬರೆದು ಮತ್ತೆ ತೆರೆಯಿಸಿಕೊಳ್ಳಬೇಕು. ಆದರೆ ಈಗ ಬೇಡ. ಕೋರ್ಸಿನ ಕೊನೆಯ ವರ್ಷದಲ್ಲಿ ಹೊಸ ಪಾಸ್‌ಪೋರ್ಟ್, ಹೊಸ ವಿಳಾಸ, ಹಾಸ್ಟೆಲ್ ಎಲ್ಲವನ್ನೂ ಒಮ್ಮೆಗೇ ತುಂಬಿ. ಪೊಲೀಸ್ ಪ್ರಮಾಣಪತ್ರವನ್ನೂ ಆಗಲೇ ಹೊಸ ಪಾಸ್‌ಪೋರ್ಟ್ ಮೇಲೆ ಮಾಡಿಸಿ, ಎರಡು ವರ್ಷ ದಾಟಿದ್ದನ್ನು ಎನ್‌ವಿಸಿ ಒಪ್ಪುವುದಿಲ್ಲ. ಮಿಂಚಂಚೆ ವಿಳಾಸ ಬದಲಾದರೆ ಮಾತ್ರ ಆ ದಿನವೇ ತಿಳಿಸಿ, ಏಕೆಂದರೆ ರದ್ದತಿಯ ಎಚ್ಚರಿಕೆ ಬಂದರೂ ಅಲ್ಲಿಗೇ ಬರುತ್ತದೆ.

ಏಳುಸುತ್ತು
ವಿಭಾಗವನ್ನಾದರೂ ಹೇಳಬಹುದಿತ್ತು.